ಜಲಜಕ್ಕನ ಬುಟ್ಟಿಗೆ ಒಂದು ಕೈ

ಅಲ್ಲ, ನೀವು ಮೊದಲು ಆ ತಲೆ ಅಲ್ಲಾಡಿಸುವುದನ್ನು ನಿಲ್ಲಿಸಿ. ಹೊರೆ ಹೊತ್ತರೆ ಕುತ್ತಿಗೆ ನೋಯುತ್ತದೆ, ಇಳಿಸಿದರೆ ನೋವು ಹೋಗುತ್ತದೆ. ಇದು ನಿಮಗೂ ಗೊತ್ತು, ನನಗೂ ಗೊತ್ತು, ದೊಡ್ಡ ದೊಡ್ಡ ಡಾಕ್ಟರಿಗೂ ಗೊತ್ತು. ಜಲಜಕ್ಕನ ಕುತ್ತಿಗೆಗೆ ಮಾತ್ರ ಗೊತ್ತಿರಲಿಲ್ಲ. ಅವಳಿಗೆ ನೋವು ಶುರುವಾದದ್ದೇ ಹೊರೆ ಇಳಿಸಿದ ಮೇಲೆ. ಸುಳ್ಳು ಅಂತೀರಾ? ಅನ್ನಿ. ನಾನು ಸುಳ್ಳು ಹೇಳುವವನೇ, ಒಪ್ಪಿದೆ. ಅರ್ಧ ಆಯುಷ್ಯ ಬಸ್ ಕಂಡಕ್ಟರಾಗಿದ್ದವ ಸುಳ್ಳು ಹೇಳದೆ ಬದುಕಿದ ಅಂದರೆ ಅದೇ ದೊಡ್ಡ ಸುಳ್ಳು. "ಹಿಂದ್ ಜಾಗ ಇತ್ತ್ ಮರ್ರೆ, ಹಿಂದ್ ಹೋಯ್ನಿ" ಎಂದು ಬೆಳಗಿನಿಂದ ಸಂಜೆಯವರೆಗೆ ಕೂಗಿದ ಬಾಯಿ ಇದು. ಹಿಂದೆ ಜಾಗ ಒಂದು ದಿನವೂ ಇರಲಿಲ್ಲ. ಆದರೆ ಜಲಜಕ್ಕನ ವಿಷಯದಲ್ಲಿ ನಾನು ಸುಳ್ಳು ಸೇರಿಸಿದರೂ ನಿಜ ಕಡಿಮೆಯಾಗುವುದಿಲ್ಲ. ಕೇಳಿ.

ನಮ್ಮ ಬಸ್ಸು ಕೋಟೇಶ್ವರದಲ್ಲಿ ಹೊರಟು ಕುಂದಾಪುರ, ಹೆಮ್ಮಾಡಿ, ವಂಡ್ಸೆ ಮೇಲಾಗಿ ಕೊಲ್ಲೂರಿಗೆ ಹೋಗುವುದು. ಡ್ರೈವರ್ ದೇವು. ಬೆಳಗಿನ ಟ್ರಿಪ್ಪಿನಲ್ಲಿ ಎರಡು ತರದ ಜನ. ಮುಂದೆ ಮಿಂದು ಮಡಿಯುಟ್ಟು ಮೂಕಾಂಬಿಕೆಯ ದರ್ಶನಕ್ಕೆ ಹೊರಟವರು, ಹಿಂದೆ ಮೀನಿನ ಬುಟ್ಟಿಯವರು. ನಡುವೆ ನಾನು, ಎರಡು ಕಡೆಯಿಂದಲೂ ಬೈಸಿಕೊಳ್ಳಲು. ಜಲಜಕ್ಕನ ಮನೆ ಗಂಗೊಳ್ಳಿಯಲ್ಲಿ. ದೋಣಿ ಬಂದು ನಿಲ್ಲುವ ಧಕ್ಕೆಯಲ್ಲಿ ಮೀನು ಕೊಂಡು, ಟೆಂಪೋದಲ್ಲಿ ಹೆಮ್ಮಾಡಿಗೆ ಬಂದು ನಮ್ಮ ಬಸ್ಸು ಹತ್ತುವಳು, ವಂಡ್ಸೆಯಲ್ಲಿ ಇಳಿದು ಮನೆಮನೆ ತಿರುಗುವಳು. ನಾನು ಅವಳನ್ನು ಸರಿಯಾಗಿ ನೋಡಿದ್ದು ತೊಂಬತ್ತೇಳರಲ್ಲಿ. ಗಂಡ ಕಾಮಾಲೆಯಲ್ಲಿ ತೀರಿಹೋಗಿ ಕೆಲವು ವರ್ಷವಾಗಿತ್ತು, ಒಬ್ಬನೇ ಮಗ ಪ್ರೇಮಾನಂದ ಮುಂಬೈಯಲ್ಲಿ ಕ್ಯಾಂಟೀನು ಕೆಲಸಕ್ಕೆ ಸೇರಿದ್ದ.

ಅವಳ ಸ್ವರ ಎಂದರೆ ಸ್ವರ. ವಂಡ್ಸೆಯಲ್ಲಿ ನಿಂತು "ಬಂಗ್ಡೀ..." ಎಂದು ಕೂಗಿದರೆ ಕೊಲ್ಲೂರಿನಲ್ಲಿ ಸಸ್ಯಾಹಾರಿಗಳಿಗೂ ಬಾಯಲ್ಲಿ ನೀರು. ಒಮ್ಮೆ ಇಳಿಜಾರಿನಲ್ಲಿ ನಮ್ಮ ಬಸ್ಸಿನ ಬ್ರೇಕು ಹೋಯಿತು. ಜಲಜಕ್ಕ ಹಿಂದಿನಿಂದ "ಹ್ವಾಯ್ ದೇವೂ, ನಿಲ್ಸಾ!" ಎಂದು ಒಂದು ಕೂಗು ಹಾಕಿದಳು ನೋಡಿ, ಬಸ್ಸು ಹೆದರಿ ನಿಂತಿತು. ಇನ್ನೊಮ್ಮೆ ಅವಳು ತಂದ ಅಂಜಲ್ ಮೀನು ಎಷ್ಟು ಉದ್ದ ಇತ್ತೆಂದರೆ ತಲೆ ವಂಡ್ಸೆಯಲ್ಲಿ ಇಳಿಯುವಾಗ ಬಾಲ ಹೆಮ್ಮಾಡಿಯಲ್ಲಿ ಹತ್ತುತ್ತಿತ್ತು. ಎರಡು ಟಿಕೆಟ್ ಹರಿದೆ. ಆಯಿತು, ಇದನ್ನು ನಂಬಬೇಡಿ. ಮುಂದಿನದನ್ನು ನಂಬಿ.

ಒಂದು ದಿನ ಮುಂದಿನ ಸೀಟಿನ ಭಕ್ತರೊಬ್ಬರು ವಾಸನೆಗೆ ಮೂಗು ಮುಚ್ಚಿಕೊಂಡರು. ಜಲಜಕ್ಕ ಬಿಡುವಳೇ?

"ಎಂತ ಅಯ್ಯ, ಮೂಗ್ ಮುಚ್ಕಂಡ್ರ್ಯಾ? ಅಮ್ಮನ ಹತ್ರ ಹೋಪೋರ್ ಅಲ್ದಾ ನೀವ್? ಜಲಜಂಗೆ ಇನ್ನ್ ನಾಕ್ ಗಿರಾಕಿ ಕೊಡ್ ಅಂದ್ ಬೇಡ್ಕಣಿ. ಬುಟ್ಟಿ ಬೇಗ ಖಾಲಿ ಆತ್, ನಿಮ್ಗ್ ವಾಸ್ನಿಯೂ ಇಲ್ಲೆ!"

ಇಡೀ ಬಸ್ಸು ನಕ್ಕಿತು. ಆ ಭಕ್ತರೂ ಮುಚ್ಚಿದ ಮೂಗಿನ ಹಿಂದೆ ನಕ್ಕರು.

ಈಗ ಒಂದು ಸಂಗತಿ ಹೇಳುತ್ತೇನೆ, ಇದನ್ನು ಗಟ್ಟಿ ಹಿಡಿದುಕೊಳ್ಳಿ. ತುಂಬಿದ ಮೀನಿನ ಬುಟ್ಟಿಯನ್ನು ಒಬ್ಬಳು ಹೆಂಗಸು ಎಷ್ಟು ದೂರ ಬೇಕಾದರೂ ಹೊತ್ತಾಳು. ಆದರೆ ತನ್ನ ತಲೆಗೆ ತಾನೇ ಎತ್ತಿಕೊಳ್ಳಲು ಆಗುವುದಿಲ್ಲ. ಎದುರಿಗೊಬ್ಬರು ಬೇಕು. ಅವಳು ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟು ಬಗ್ಗಬೇಕು, ಬುಟ್ಟಿಯ ಒಂದು ಬದಿಗೆ ಅವಳ ಕೈ, ಇನ್ನೊಂದು ಬದಿಗೆ ಎದುರಿನವರ ಕೈ. ಯಾರ ಅಂಗಳದಲ್ಲಿ ಬುಟ್ಟಿ ಇಳಿಯಿತೋ ಆ ಮನೆಯವರು ಎತ್ತಿ ಕೊಡಬೇಕು. ಮೀನು ಕೊಳ್ಳಲಿ ಬಿಡಲಿ, ಚೌಕಾಶಿಯಲ್ಲಿ ಜಗಳವೇ ಆಗಿರಲಿ, ಎತ್ತಿ ಕೊಡದೆ ಒಳಗೆ ಹೋಗುವ ಕ್ರಮ ನಮ್ಮ ಕಡೆ ಇರಲಿಲ್ಲ. ಹಾಗೆ ಎತ್ತುವಾಗ ಎರಡು ಮುಖ ತೀರ ಹತ್ತಿರ ಬರುತ್ತವೆ. ಗುಟ್ಟು ದಾಟುವುದು ಆಗಲೇ. ಯಾರ ಸೊಸೆಗೆ ವಾಕರಿಕೆ, ಯಾರ ಗಂಡ ಮಾತು ಬಿಟ್ಟಿದ್ದಾನೆ, ಎಲ್ಲ ಆ ಒಂದು ಉಸಿರಿನಲ್ಲಿ.

ವಂಡ್ಸೆಯಲ್ಲಿ ಗದ್ದೆಯ ಅಂಚಿನ ಮನೆಯ ಸರಸ ಎಂಬವಳು ಅವಳ ಕಾಯಂ ಗಿರಾಕಿ. ಇಬ್ಬರ ಮಾತು ಕೇಳಬೇಕು ನೀವು.

"ಜಲಜಕ್ಕ, ಬಂಗ್ಡಿ ಕಣ್ಣೆಲ್ಲ ಕೆಂಪಾಯ್ತಲೆ?"

"ನಿನ್ನ್ ಕಾಣ್ದೆ ಅತ್ತ್ ಅತ್ತ್ ಕೆಂಪಾದ್ದ್ ಹೆಣೆ! ಬೇಗ ಒಳಗ್ ತಕಂಡ್ ಹೋಗ್, ಸಮಾಧಾನ ಮಾಡ್."

ಹೀಗೆ ನಡೆಯುತ್ತಿದ್ದಾಗ, ಎರಡು ಸಾವಿರದ ನಾಲ್ಕರಲ್ಲಿ ಮಗ ಪ್ರೇಮಾನಂದ ಊರಿಗೆ ಬಂದ. ಒಳ್ಳೆಯ ಹುಡುಗ, ತಪ್ಪು ತಿಳಿಯಬೇಡಿ. ಕುಂದಾಪುರದಲ್ಲಿ ನೆಲದ ಟೈಲ್ಸ್ ಅಂಗಡಿ ಹಾಕಿದ, ಕೋಟೇಶ್ವರದ ಹತ್ತಿರ ಕಡಲ ಬದಿಯ ಬೀಜಾಡಿಯಲ್ಲಿ ಹೊಸ ಮನೆ ಕಟ್ಟಿದ, ಶಾಲೆಯಲ್ಲಿ ಟೀಚರಾಗಿದ್ದ ಹುಡುಗಿಯನ್ನು ಮದುವೆಯಾದ. ತಾಯಿಯ ಎರಡೂ ಕೈ ಹಿಡಿದು ಹೇಳಿದನಂತೆ, "ಅಮ್ಮ, ಹೊತ್ತದ್ದ್ ಸಾಕ್. ಇನ್ನ್ ರಾಣಿ ಕಣೆಗ್ ಕೂಕಣಿ." ಯಾವ ತಾಯಿಗೆ ಬೇಡ? ಜಲಜಕ್ಕ ಬಸ್ಸಿನಲ್ಲಿ ಎಲ್ಲರಿಗೂ ಬಾಳೆಹಣ್ಣು ಹಂಚಿ, "ನಾಳಿಂದ ನಾನ್ ರಾಣಿ, ಕಂಡ್ರೆ ಕೈ ಮುಗಿನಿ" ಎಂದು ಇಳಿದು ಹೋದಳು. ನಮಗೆಲ್ಲ ಖುಷಿಯಾಯಿತು. ಖುಷಿಯಾಗಿ ಒಂದು ವಾರಕ್ಕೆ ಬಸ್ಸಿನ ಹಿಂದಿನ ಸೀಟು ಸತ್ತ ಮನೆಯ ಹಾಗೆ ಆಯಿತು.

ಆಮೇಲೆ ಸುದ್ದಿ ಬಂತು, ಜಲಜಕ್ಕನಿಗೆ ಸೌಖ್ಯ ಇಲ್ಲ ಎಂದು. ಕುತ್ತಿಗೆ ನೋವು. ಊಟ ಸೇರುವುದಿಲ್ಲ, ನಿದ್ದೆ ಇಲ್ಲ, ನಡೆದರೆ ತಲೆ ತಿರುಗುತ್ತದೆ. ಮಗ ಉಡುಪಿ, ಮಣಿಪಾಲ ಎಂದು ತಿರುಗಿಸಿದ. ಎಲ್ಲ ಯಂತ್ರದೊಳಗೂ ತೂರಿಸಿ ನೋಡಿದರು, ಏನೂ ಸಿಗಲಿಲ್ಲ. ಇಷ್ಟು ವರ್ಷ ಹೊತ್ತದ್ದರ ಫಲ ಎಂದು ಹೇಳಿ ಕುತ್ತಿಗೆಗೆ ಪಟ್ಟಿ ಕಟ್ಟಿದರು. ಒಂದು ಕೊಡ ನೀರನ್ನೂ ಎತ್ತಬಾರದು ಎಂದರು.

ರಜೆಯ ದಿನ ನೋಡಲು ಹೋದೆ. ಮನೆಯ ನೆಲ ಎಷ್ಟು ನುಣುಪು ಎಂದರೆ ನಾನು ಬಾಗಿಲಲ್ಲಿ ಕಾಲಿಟ್ಟವ ಅಡುಗೆಕೋಣೆಯಲ್ಲಿ ಹೋಗಿ ನಿಂತೆ. ಮಗ ಅಂಗಡಿಗೆ, ಸೊಸೆ ಶಾಲೆಗೆ. ಜಲಜಕ್ಕ ಗೋಡೆಗೆ ಒಂದು ಕೈ ಕೊಟ್ಟುಕೊಂಡು ಬಂದಳು. ಪಟ್ಟಿ ಕಟ್ಟಿದ ಕುತ್ತಿಗೆ ಅತ್ತಿತ್ತ ತಿರುಗದು. ನೋಡಬೇಕಾದರೆ ಇಡೀ ಮೈ ತಿರುಗಿಸಬೇಕು.

"ಬನಿ ಕಂಡಕ್ಟ್ರೆ, ಕೂಕಣಿ" ಎಂದಳು. ಪಿಸುಮಾತಿನಲ್ಲಿ.

"ಎಂತ ಜಲಜಕ್ಕ, ಸ್ವರ ಎಲ್ಲಿಗ್ ಹೋಯ್ತ್?"

"ಇಲ್ಲ್ ಜೋರ್ ಮಾತಾಡ್ರೆ ಆಚಿ ಮನಿಯೋರ್ ಕಿಟ್ಕಿ ಹಾಕ್ತ್ರ್."

"ಹಾಕ್ಲಿ ಬಿಡಿ, ಅವ್ರ್ ಕಿಟ್ಕಿ ಅವ್ರ್ ಹಾಕ್ತ್ರ್."

"ಮಗಂಗೆ ಬೇಜಾರ್ ಆತ್ ಮರ್ರೆ."

ಒಳಗೆ ಫ್ರಿಜ್ಜು ಗುರ್ ಅನ್ನುತ್ತಿತ್ತು. ಮೀನು ತಿನ್ನುತ್ತೀರಾ ಎಂದು ಕೇಳಿದೆ. ಮಗ ತರುತ್ತಾನೆ, ಕತ್ತರಿಸಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ್ದು, ಮುಖ ಇಲ್ಲದ ಮೀನನ್ನು ಹೇಗೆ ತಿನ್ನುವುದು ಎಂದಳು. ಗೇಟಿನ ಹತ್ತಿರ ಹೋಗಿ ನಿಂತರೆ ದಾರಿಯಲ್ಲಿ ಹೋಗುವವರು ಮೋಟಾರು ಸೈಕಲ್ಲಿನಲ್ಲೇ ತಲೆ ಆಡಿಸಿ ಹೋಗುತ್ತಾರಂತೆ. ಬೆಕ್ಕು ಕೂಡ ಹತ್ತಿರ ಬರುವುದಿಲ್ಲ. ಬರಲಿಕ್ಕೆ ಅವಳ ಮೈಯಲ್ಲಿ ವಾಸನೆಯಾದರೂ ಬೇಕಲ್ಲ.

"ಅಲ್ಲ್ ಗಂಗೊಳ್ಳಿಯಂಗೆ ನಂಗ್ ಮೀನಿನ್ ಜಲಜ ಅಂತಿದ್ರ್," ಎಂದಳು. "ಇಲ್ಲ್ ಪ್ರೇಮಾನಂದನ ಅಮ್ಮ ಅಂತ್ರ್. ಪ್ರೇಮಾನಂದ ಮನಿಯಂಗೆ ಇಲ್ದಿಪ್ಪ ಹೊತ್ತಿಗೆ ನಾನ್ ಯಾರ್ ಕಂಡಕ್ಟ್ರೆ?"

ಮಾತು ತಿರುಗಿಸಿ, ನೋವು ಹೇಗಿದೆ ಎಂದು ಕೇಳಿದೆ.

"ತಲಿ ಹಗುರ ಆಯ್ ಬಿಟ್ಟಿತ್ ಕಾಣಿ. ಎಲ್ಲಾದ್ರೂ ಗಾಳಿಗ್ ಹಾರಿ ಹೋತ್ ಅಂದೇಳಿ ಕುತ್ಗಿ ಹೆದ್ರಿ ಗಟ್ಟಿ ಹಿಡ್ಕಂಡ್ ಕೂತಿತ್. ಹಿಡ್ದ್ ಹಿಡ್ದ್ ನೋವ್."

ಹೇಳಿ, ಯಾವ ಯಂತ್ರ ಇದನ್ನು ಹೇಳೀತು?

ಹೀಗೆ ಎರಡು ಮೂರು ವರ್ಷ ಹೋಯಿತು. ಅವಳು ಅರ್ಧಕ್ಕರ್ಧ ಇಳಿದುಹೋದಳು. ಇನ್ನು ಜಾಸ್ತಿ ದಿನ ಇಲ್ಲ ಎಂದು ಬಸ್ಸಿನಲ್ಲಿ ಮಾತಾಡಿಕೊಂಡೆವು. ಹಾಗಿರುವಾಗ ಒಂದು ಬೆಳಿಗ್ಗೆ, ಕೋಟೇಶ್ವರದಲ್ಲಿ ಬಸ್ಸು ಹೊರಡಬೇಕು, ನೋಡುತ್ತೇನೆ, ಜಲಜಕ್ಕ! ಕುತ್ತಿಗೆಗೆ ಪಟ್ಟಿ, ಪಟ್ಟಿಯ ಮೇಲೆ ತಲೆ, ತಲೆಯ ಮೇಲೆ ಸಿಂಬಿ, ಅದರ ಮೇಲೆ ಹಳೆಯ ಬುಟ್ಟಿ. ಮೇಲಿಂದ ಬಾಳೆಲೆ ಮುಚ್ಚಿದೆ.

"ಹಿಡಿನಿ ಕಂಡಕ್ಟ್ರೆ, ಇಳ್ಸಿ."

ಇಳಿಸಿದೆ. ಒಳ್ಳೆ ಭಾರ. ಆದರೆ ಏನೋ ಸರಿ ಇಲ್ಲ. ನೊಣ ಇಲ್ಲ, ಕಾಗೆ ಹಿಂಬಾಲಿಸಿಲ್ಲ. ಮುಂದಿನ ಸೀಟಿನಲ್ಲಿ ಒಬ್ಬರೂ ಮೂಗು ಮುಚ್ಚಲಿಲ್ಲ.

"ಎಂತ ಮೀನ್ ಜಲಜಕ್ಕ, ವಾಸ್ನಿಯೇ ಇಲ್ಲ್ಯಲೆ?"

"ಹೊಸ ಜಾತಿ. ನೀವ್ ಟಿಕೇಟ್ ಕೊಡಿ ಕಾಂಬ."

ಹೆಮ್ಮಾಡಿ ದಾಟುವಾಗ ಕುತ್ತಿಗೆಯ ಪಟ್ಟಿ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ವಂಡ್ಸೆಯಲ್ಲಿ ಇಳಿದಳು. ಬುಟ್ಟಿಯನ್ನು ನಾನೇ ತಲೆಗೆ ಎತ್ತಿ ಕೊಟ್ಟೆ. ಬೆನ್ನು ನೆಟ್ಟಗೆ ಮಾಡಿ ನಡೆದಳು ನೋಡಿ, ದೇವು ಬಸ್ಸು ಬಿಡುವುದನ್ನೇ ಮರೆತ.

ಮುಂದಿನದನ್ನು ನನಗೆ ಹೇಳಿದವಳು ಸರಸ, ಮರುದಿನ ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಳ್ಳುತ್ತ. ಜಲಜಕ್ಕ ಅವಳ ಅಂಗಳಕ್ಕೆ ಬಂದು ಬುಟ್ಟಿ ಇಳಿಸಿದಳಂತೆ.

"ಅಯ್ಯೋ ಜಲಜಕ್ಕ! ಎಷ್ಟ್ ಸಮಯ ಆಯ್ತ್! ಎಂತ ಮೀನ್ ಇತ್ತ್?"

"ಖಾಲಿ ಆಯ್ತ್ ಹೆಣೆ. ಪ್ಯಾಟಿಯಂಗೇ ಎಲ್ಲ ಹೋಯ್ತ್. ನಿನ್ನ್ ಮುಖ ಕಂಡ್ ಹೋಪ ಅಂದೇಳಿ ಬಂದೆ."

ನೀರು ಕುಡಿದಳು. ಊರ ಸುದ್ದಿ ಎಲ್ಲ ಕೇಳಿದಳು. ಸರಸನ ಮಗಳಿಗೆ ಮಗು ಆದದ್ದು ಕೇಳಿ ಆ ಹಳೆಯ ಸ್ವರದಲ್ಲಿ ನಕ್ಕಳು. ಕೊನೆಗೆ, "ಒಂದ್ ಕೈ ಹಾಕ್ ಕಾಂಬ" ಎಂದು ಬಗ್ಗಿದಳು. ಸರಸ ಖಾಲಿ ಬುಟ್ಟಿ ಎಂದು ಎರಡು ಬೆರಳು ಹಾಕಿ ಎತ್ತಿದರೆ ಬುಟ್ಟಿ ಅಲ್ಲಾಡಲಿಲ್ಲ. ಬಾಳೆಲೆ ಜಾರಿತು. ಒಳಗೆ ಮರಳು. ಬೀಜಾಡಿ ಕಡಲ ಬದಿಯ ಒದ್ದೆ ಮರಳು, ಬಾಯಿವರೆಗೆ. ಮೇಲೆ ಒಂದು ಚಿಪ್ಪು.

ಇಬ್ಬರ ಮುಖವೂ ಅಷ್ಟು ಹತ್ತಿರ ಇತ್ತಲ್ಲ. ಜಲಜಕ್ಕ ಕಣ್ಣು ಕೆಳಗೆ ಹಾಕಿದಳಂತೆ. ಸರಸ ಬಾಳೆಲೆ ಸರಿಮಾಡಿದಳು, ಸೆರಗು ಸಿಕ್ಕಿಸಿದಳು, ಎರಡೂ ಕೈ ಹಾಕಿ ಎತ್ತಿ ತಲೆಗಿಟ್ಟಳು. ಆಮೇಲೆ ಹೇಳಿದಳು, "ನಾಳೆ ಬಪ್ಪತ್ತಿಗೆ ನಂಗ್ ನಾಕ್ ಬಂಗ್ಡಿ ತೆಗ್ದ್ ಇಡಿ ಅಕ್ಕ, ಪ್ಯಾಟಿಯಂಗ್ ಕೊಟ್ ಖಾಲಿ ಮಾಡ್ಬೇಡಿ."

"ಆತ್ ಹೆಣೆ, ಇಡ್ತೆ."

ಮರುದಿನವೂ ಮರಳು. ಅದರ ಮರುದಿನವೂ. ಬೆಳಿಗ್ಗೆ ಮಗ ಸೊಸೆ ಹೊರಟ ಕೂಡಲೇ ಕಡಲ ಬದಿಗೆ ಹೋಗುವಳು, ಅಲ್ಲಿ ಬಲೆ ಎಳೆಯುವವರು ಬುಟ್ಟಿ ಎತ್ತಿ ಕೊಡುವರು, ಗಿಡಕ್ಕೆ ಹಾಕಲು ಇರಬೇಕು ಎಂದುಕೊಂಡು. ವಂಡ್ಸೆಯ ಓಣಿಗಳಲ್ಲಿ "ಖಾಲಿ ಆಯ್ತ್, ಖಾಲಿ ಆಯ್ತ್" ಎಂದು ನಗುತ್ತ ನಾಲ್ಕು ಮನೆ ತಿರುಗಿ, ಹೊಳೆಯ ಹತ್ತಿರದ ಹಲಸಿನ ಬುಡದಲ್ಲಿ ಮರಳು ಸುರಿದು, ಮಧ್ಯಾಹ್ನಕ್ಕೆ ಮನೆಗೆ ಬಂದು ಪಟ್ಟಿ ಕಟ್ಟಿ ಕೂರುವಳು. ಮಳೆಗಾಲ ಮುಗಿಯುವ ಹೊತ್ತಿಗೆ ಊಟ ಸೇರಿತು, ನಿದ್ದೆ ಬಂತು, ಗೋಡೆ ಹಿಡಿಯುವುದು ನಿಂತಿತು. ಡಾಕ್ಟರು ಪಟ್ಟಿ ತೆಗೆಯಲು ಹೇಳಿದರು. ಮಾತ್ರೆ ಭಾರಿ ಒಳ್ಳೆಯದು ಎಂದು ಪ್ರೇಮಾನಂದ ಅಂಗಡಿಗೆ ಬಂದವರಿಗೆಲ್ಲ ಅದರ ಹೆಸರು ಹೇಳಿದ.

ಆದರೆ ಆ ಹಲಸಿನ ಮರ ಪಾಂಡು ಎಂಬವನದ್ದು. ಕಡಲಿನಿಂದ ಅಷ್ಟು ದೂರದ ಊರಿನಲ್ಲಿ, ತನ್ನ ಮರದ ಬುಡದಲ್ಲಿ, ದಿನಾ ಚಿಪ್ಪು ಸಮೇತ ಕಡಲ ಮರಳು ಬೀಳುತ್ತದೆ ಎಂದರೆ ನಮ್ಮ ಕಡೆಯವರು ಏನು ತಿಳಿಯಬೇಕು? ಮಾಟ! ಪಾಂಡುವಿಗೆ ಅಂದೇ ಜ್ವರ ಬಂತು. ಎಮ್ಮೆ ಹಾಲು ಕಡಿಮೆ ಮಾಡಿತು. ಜೋಯಿಸರು ಕವಡೆ ಹಾಕಿ ಪಡುವಣ ದಿಕ್ಕಿನ ಹೆಂಗಸೊಬ್ಬಳ ನೆರಳು ಎಂದರು. ಅದೇನೋ ಸರಿಯಾಗಿಯೇ ಹೇಳಿದರು ಅನ್ನಿ. ಮರಕ್ಕೆ ನಿಂಬೆಹಣ್ಣು, ಎಮ್ಮೆಗೆ ಕಪ್ಪು ನೂಲು, ಪಾಂಡುವಿಗೆ ತಾಯಿತ. ಆ ತಾಯಿತ ಕಟ್ಟಿಕೊಂಡು ಅವನು ಟೈಲ್ಸ್ ಕೊಳ್ಳಲು ಹೋದದ್ದು ಎಲ್ಲಿಗೆ? ಪ್ರೇಮಾನಂದನ ಅಂಗಡಿಗೆ. ಕಥೆ ಎಲ್ಲ ಹೇಳಿದ. ಪ್ರೇಮಾನಂದನಿಗೋ, ತನ್ನ ಮನೆಯ ಬಚ್ಚಲಿನ ತೂತು ದಿನಾ ಮರಳಿನಿಂದ ಕಟ್ಟಿಕೊಳ್ಳುವುದು ಯಾಕೆ ಎಂದು ತಿಂಗಳಿನಿಂದ ತಲೆಬಿಸಿ. ಎರಡೂ ಕೂಡಿದವು.

ಮರುದಿನ ಬೆಳಿಗ್ಗೆ ಕೋಟೇಶ್ವರದಲ್ಲಿ ಬಸ್ಸಿನ ಮೆಟ್ಟಿಲಿಗೆ ಅಡ್ಡ ನಿಂತಿದ್ದ.

"ಅಮ್ಮ, ಬುಟ್ಟಿ ಇಳ್ಸಿ."

"ಇಳ್ಸುದಿಲ್ಲೆ."

"ಜನ ಎಂತ ಹೇಳ್ತ್ರ್ ಗೊತ್ತಿತ್ತಾ? ಮಗ ಅನ್ನ ಹಾಕುದಿಲ್ಲೆ ಅಂತ್ರ್."

"ನೀನ್ ಅನ್ನ ಹಾಕ್ತೆ ಮಗಾ. ಅದ್ ಉಂಬುಕ್ ಹಸಿವ್ ಆಯ್ಕ್ ಅಲ್ದಾ?"

"ಮೀನ್ ಆದ್ರೂ ಸೈ. ಮರಳಾ? ಹುಚ್ಚ್ ಅಂತ್ರ್! ಕುತ್ಗಿ ನೋವ್ ಅಂದೇಳಿ ನಾನ್ ಊರೂರ್ ತಿರ್ಗ್ಸಿದ್ದ್ ಎಂತಕ್ಕೆ?"

"ನೋವಿತ್ತಾ ಅಂದ್ ಈಗ ಕೇಂಡ್ಯಾ ಒಂದ್ ದಿನ?"

"ಮಾತ್ರೆ ತಕಂಡ್ ಕಮ್ಮಿ ಆದ್ದ್ ಅದ್."

"ಮಾತ್ರೆ ಎಲ್ಲ ಹಿತ್ಲಿನ್ ತೆಂಗಿನ್ ಬುಡಕ್ ಹಾಕಿದ್ದೆ. ತೆಂಗಿಗ್ ಈಗ ಕುತ್ಗಿ ನೋವಿಲ್ಲೆ, ಕಾಣ್ ಹೋಗ್, ಎಷ್ಟ್ ನೆಟ್ಟಗ್ ನಿತ್ತಿತ್!"

ಬಸ್ಸಿನಲ್ಲಿ ಎಲ್ಲರೂ ನಕ್ಕರು. ಅವನೊಬ್ಬ ನಗಲಿಲ್ಲ. ತಾಯಿಯ ಸ್ವರ ಎಷ್ಟು ದೊಡ್ಡದು ಎಂಬುದು ಅವನಿಗೆ ಅವತ್ತು ನೆನಪಾಗಿರಬೇಕು, ಅವಳ ಬಾಯಿಯನ್ನೇ ನೋಡುತ್ತ ನಿಂತ. ದೇವು ಹಾರ್ನ್ ಹಾಕಿದ. ಕೊನೆಗೆ ಪ್ರೇಮಾನಂದ ದಾರಿ ಬಿಟ್ಟ.

"ಮರಳ್ ಬ್ಯಾಡ ಅಮ್ಮ. ಹೊರುದೇ ಆರೆ ಮೀನೇ ಹೊರಿ. ಬುಧವಾರ ಒಂದ್ ದಿನ. ಅರ್ಧ ಬುಟ್ಟಿ."

ಅಷ್ಟು ಹೇಳಿ ಹೋದ. ಬುಟ್ಟಿಗೆ ಕೈ ಹಾಕಲಿಲ್ಲ. ಇಳಿಸಿ ಬಸ್ಸಿಗೆ ಹಾಕಿದವ ನಾನೇ.

ಗೆದ್ದಳು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡೆ. ಮೊದಲ ಬುಧವಾರ ಹೆಮ್ಮಾಡಿಯಲ್ಲಿ ಟೆಂಪೋದವರಿಂದ ಹೊಳೆಯುವ ಬಂಗುಡೆ ಆರಿಸಿ ತುಂಬಿಸಿಕೊಂಡಳು. ಮುಂದಿನ ಸೀಟಿನವರು ಮೂಗು ಮುಚ್ಚಿದರು, ನನಗೆ ಕಣ್ಣು ತುಂಬಿತು. ಆದರೆ ವಂಡ್ಸೆಯಲ್ಲಿ ಅವಳಿಗಿಂತ ಮೊದಲೇ ಮೀನಿನ ವ್ಯಾನು ಹಾರ್ನ್ ಹೊಡೆಯುತ್ತ ಹೋಗಿಯಾಗಿತ್ತು. ಸ್ಕೂಟರಿನ ಹಿಂದೆ ಐಸ್ ಪೆಟ್ಟಿಗೆ ಕಟ್ಟಿದವರೂ ಹೋಗಿದ್ದರು. ಅಂಗಳ ಇದ್ದಲ್ಲಿ ಕಾಂಪೌಂಡು ಗೋಡೆ ಬಂದಿತ್ತು. ಹೆಂಗಸರು ಗೇರುಬೀಜದ ಕಾರ್ಖಾನೆಗೆ ಹೋಗಿದ್ದರು. ಮರಳು ಹೊತ್ತಾಗ ಎಲ್ಲ ಖಾಲಿ ಎಂದು ನಗುತ್ತ ಹೇಳುತ್ತಿದ್ದಳು, ಯಾರೂ ಕೊಳ್ಳಬೇಕಾಗಿರಲಿಲ್ಲ. ಈಗ ನಿಜವಾದ ಮೀನು ಹೊತ್ತು "ಇತ್ತ್, ಇತ್ತ್" ಎಂದು ಮುಚ್ಚಿದ ಗೇಟಿಗೆ ಕೂಗಬೇಕು. ಬುಟ್ಟಿ ಇಳಿಸುವ ಧೈರ್ಯ ಇಲ್ಲ. ಇಳಿಸಿದರೆ ಎತ್ತಲು ಯಾರು? ಸರಸ ಇದ್ದಳು, ತನ್ನ ಫ್ರಿಜ್ಜಿನಲ್ಲಿ ಮೀನು ಇದ್ದರೂ ನಾಲ್ಕು ಬಂಗುಡೆ ತೆಗೆದುಕೊಂಡಳು. ಮಿಕ್ಕ ದಾರಿಯೆಲ್ಲ ಜಲಜಕ್ಕ ಇಳಿಸದೆ ನಡೆದಳು.

ಆದರೂ ಬಿಡಲಿಲ್ಲ. ನಾನು ಕೆಲಸ ಬಿಟ್ಟು ಹೆಮ್ಮಾಡಿಯ ಮನೆಯಲ್ಲಿ ಕೂತು ವರ್ಷಗಳಾದವು. ಅವಳು ಈಗಲೂ ಬುಧವಾರ ಬರುತ್ತಾಳೆ. ಕುತ್ತಿಗೆ ಕಂಬದ ಹಾಗೆ ಇದೆ. ಕಾಲು ಮಾತ್ರ ಎಳೆಯುತ್ತದೆ. ವಾಪಸು ಬರಲು ನೇರ ಬಸ್ಸಿಲ್ಲ, ಹೆಮ್ಮಾಡಿಯಲ್ಲಿ ಬಸ್ಸು ಬದಲಿಸಬೇಕು, ಆ ಹೊತ್ತಿಗೆ ನಾನು ಸ್ಟಾಪಿನಲ್ಲಿ ಇರುತ್ತೇನೆ. ನನಗೂ ಅಲ್ಲಿ ಬೇರೆ ಯಾರೂ ಕಂಡಕ್ಟ್ರೇ ಎಂದು ಕರೆಯುವವರಿಲ್ಲ. ಇವತ್ತೂ ಹೋಗಿದ್ದೆ.

"ಹೆಂಗಿತ್ತ್ ಜಲಜಕ್ಕ ಯಾಪಾರ?"

"ಖಾಲಿ ಆಯ್ತ್ ಕಂಡಕ್ಟ್ರೆ. ಎಲ್ಲ ಹೋಯ್ತ್. ನಿಮ್ಗ್ ಅಂದೇಳಿ ಒಂಚೂರ್ ಇಟ್ಟಿದ್ದೆ."

ಒಂದು ಪೊಟ್ಟಣ ಕೊಟ್ಟಳು. ಬಸ್ಸು ಬಂತು. ಸಿಂಬಿ ಇಟ್ಟು ಬಗ್ಗಿದಳು, ನಾನು ಕೈ ಹಾಕಿದೆ. ಬುಟ್ಟಿ ಬೆಳಿಗ್ಗೆ ಎಷ್ಟು ಭಾರ ಇದ್ದಿರಬಹುದೋ ಅಷ್ಟೇ ಭಾರ. ಎತ್ತಿ...

"ಮಾವಯ್ಯ! ಉಂಬುಕ್ ಬನಿ! ಸಾರ್ ತಣ್ದ್ ಹೋತ್!"

ನನ್ನ ಸೊಸೆ ವಿನಯಾ. ಆ ಪೊಟ್ಟಣದ ಬಂಗುಡೆಯದ್ದೇ ಸಾರು ಮಾಡಿದ್ದಾಳೆ. ತಾಜಾ ಅಲ್ಲ ಎಂದು ಪೊಟ್ಟಣ ಬಿಚ್ಚಿದಾಗಿನಿಂದ ಗೊಣಗುತ್ತಿದ್ದಾಳೆ.

"ಬತ್ತೆ ಮಗಾ, ಬತ್ತೆ."

"ಚಾವಡಿಯಂಗೆ ಯಾರೂ ಇಲ್ಲೆ, ಒಬ್ರೇ ಕೂಕಂಡ್ ಯಾರ್ ಹತ್ರ ಮಾತಾಡ್ತಿದ್ರಿ ಅಷ್ಟ್ ಹೊತ್ತಿಂದ?"